ಹಾಸಿದ ನೆಲ, ಕುಟ್ಟಿದ ನೆಲ

ನೆಲವನ್ನು ಗಟ್ಟಿ ಮಾಡಲು ಮನುಷ್ಯ ಕಂಡುಕೊಂಡ ದಾರಿಗಳು ಮುಖ್ಯವಾಗಿ ಎರಡು: ಮಣ್ಣನ್ನೋ ಗಾರೆಯನ್ನೋ ಕುಟ್ಟುವುದು, ಇಲ್ಲವೇ ಕಲ್ಲನ್ನು ಹಾಸುವುದು. ಭಾಷೆಗಳು ಎರಡನ್ನೂ ನೆನಪಿಟ್ಟುಕೊಂಡಿವೆ. ಇಂಗ್ಲಿಷಿನ ಪೇವ್‌ಮೆಂಟ್ ಹುಟ್ಟಿದ್ದು ಬಡಿದು ಗಟ್ಟಿ ಮಾಡು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ. ಸಂಸ್ಕೃತದಿಂದ ಬಂದ, ಗಟ್ಟಿ ಮಾಡಿದ ನೆಲ ಎಂಬ ಅರ್ಥದ ನಮ್ಮ ಕುಟ್ಟಿಮದಲ್ಲೂ ಕುಟ್ಟುವ ಸದ್ದೇ ಇದೆ. ಸ್ಟ್ರೀಟ್ ಮಾತ್ರ ಬೇರೆ ಕುಲದ್ದು. ಹಾಸಿದ ದಾರಿ ಎಂಬ ಅರ್ಥದ ಲ್ಯಾಟಿನ್ನಿನ ಸ್ಟ್ರಾಟಾದಿಂದ ಅದು ಹಳೆಯ ಇಂಗ್ಲಿಷಿಗೆ ಬಂತು. ಭೂವಿಜ್ಞಾನಿಗಳು ಶಿಲೆಯ ಪದರಗಳನ್ನು ಕರೆಯುವುದೂ ಸ್ಟ್ರಾಟಾ ಎಂದೇ. ಕಲಬುರಗಿ ಸೀಮೆಯಲ್ಲಿ ಹಾಸುಗಲ್ಲಿಗೆ ಹೇಳುವ ಫರ್ಸಿ ಈ ಎರಡನೆಯ ಕುಲಕ್ಕೆ ಸೇರಿದ ಮಾತು. ಅರಬ್ಬಿಯಿಂದ ಪಾರ್ಸಿಗೆ ಬಂದ ಫರ್ಶ್ ಎಂದರೆ ಹಾಸು, ಹಾಸಿದ ಜಮಖಾನ. ಈ ಪದ ಇಲ್ಲಿ ಬೇರೂರಲು ಆಳಿದವರ ಭಾಷೆಯಷ್ಟೇ ಇಲ್ಲಿನ ನೆಲದ ರಚನೆಯೂ ಕಾರಣವೆಂಬುದು ನನ್ನ ವಾದ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಕಪ್ಪು ಮಣ್ಣಿನಡಿ ಸುಣ್ಣಕಲ್ಲು ಪದರಪದರವಾಗಿ ಮಲಗಿದೆ. ಭೂವಿಜ್ಞಾನದಲ್ಲಿ ಅದು ಭೀಮಾ ಶಿಲಾಸಮೂಹದ ಭಾಗ. ಪ್ರಾಚೀನ ಸಮುದ್ರದ ತಳದಲ್ಲಿ ಕೆಸರು ಸಾಲುಸಾಲಾಗಿ ಇಳಿದು ಕಲ್ಲಾದದ್ದರಿಂದ ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಸಹಜವಾದ ಬಿರುಕು ಉಳಿದಿದೆ. ಖಣಿಯಲ್ಲಿ ಆ ಬಿರುಕಿಗೆ ಹಾರೆ ಕೊಟ್ಟು ಮೀಟಿದರೆ ಹಲಗೆಯಂಥ ಕಲ್ಲು ಏಳುತ್ತದೆ. ಅದನ್ನು ಅಂಗಳಕ್ಕೆ ಹಾಸಬಹುದು, ತೊಲೆಗಳ ಮೇಲೆ ಹೊದಿಸಿ ಮಾಳಿಗೆ ಮಾಡಬಹುದು, ನಿಲ್ಲಿಸಿ ಕಾಂಪೌಂಡ್ ಕಟ್ಟಬಹುದು. ಇದು ಈಚಿನ ಜಾಣತನವೂ ಅಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಸುಮಾರು 2,000 ವರ್ಷಗಳ ಹಿಂದೆ ಹೊದಿಸಿದ್ದು ಸುಣ್ಣಕಲ್ಲಿನ ಚಪ್ಪಡಿಗಳನ್ನೇ. ಅಶೋಕನ ಹೆಸರು ಬರೆದಿರುವ ಪ್ರಸಿದ್ಧ ಉಬ್ಬುಶಿಲ್ಪ ಮೂಡಿರುವುದೂ ಅಂಥದೊಂದು ಕಲ್ಲಿನ ಮೇಲೆ.

ನನ್ನ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಬಹಮನಿ ಸುಲ್ತಾನರಿಂದ ನಿಜಾಮರವರೆಗೆ ಪಾರ್ಸಿ, ಉರ್ದುಗಳು ಆಡಳಿತ ನಡೆಸಿದ ನಾಡಿದು, ಇಂಥ ಪದಗಳು ಇಲ್ಲಿ ನೂರಾರಿವೆ ಎಂಬುದು ಮೊದಲನೆಯದು. ಅದು ನಿಜ. ಆದರೆ ಕಚೇರಿಯ ಪದ ಕಚೇರಿಯೊಂದಿಗೇ ಸವೆಯಬಹುದು. ಕೆಲಸಗಾರನ ಬಾಯಲ್ಲಿ ಉಳಿಯಬೇಕಾದರೆ ಪದಕ್ಕೆ ದಿನನಿತ್ಯದ ಕೆಲಸ ಬೇಕು. ಹಾಸುಗಲ್ಲು ಎಂಬ ಮಾತನ್ನು ಮೊದಲೇ ಬಲ್ಲ ಕನ್ನಡಕ್ಕೆ ಫರ್ಸಿ ಹೊಸ ಕಲ್ಪನೆಯನ್ನೇನೂ ತರಲಿಲ್ಲ, ಹಳೆಯ ಕಲ್ಪನೆಗೆ ಇನ್ನೊಂದು ಹೆಸರಾಯಿತು. ಹಾಸುಗಲ್ಲು ಹಳೆ ಮೈಸೂರಿನಲ್ಲೂ ಇದೆಯಲ್ಲ, ಅಲ್ಲಿರುವುದು ಗ್ರಾನೈಟ್ ಅಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದನ್ನು ಒಪ್ಪಲೇಬೇಕು, ಪದ ಹುಟ್ಟಿದ್ದು ಇಲ್ಲಿನ ಸುಣ್ಣಕಲ್ಲಿನಿಂದಲ್ಲ. ಆದರೆ ಗ್ರಾನೈಟನ್ನು ಮನುಷ್ಯ ಸೀಳಿ ಚಪ್ಪಡಿ ಮಾಡಬೇಕು, ಇಲ್ಲಿ ಭೂಮಿಯೇ ಹಾಸಿಟ್ಟಿದೆ. ಬಡವನ ಮನೆಗೂ ಕಲ್ಲಿನ ನೆಲ ಎಟುಕಿದ್ದು, ಪದ ಮನೆಮಾತಾದದ್ದು ಆ ಕಾರಣಕ್ಕೆ.

ಹೆಸರಿನ ಉಳಿದರ್ಧ ರೈಲಿನದು. ಐದೂ ಊರುಗಳ ಸೀಮೆಯಲ್ಲಿ ಕಲ್ಲು ಇದ್ದರೂ ಲೋಕ ಅದನ್ನು ಶಹಾಬಾದ್ ಕಲ್ಲು ಎನ್ನುತ್ತದೆ, ಮರಾಠಿಯಲ್ಲಿ ಅದು ಶಹಾಬಾದಿ ಫರ್ಶಿ. ಮುಂಬೈ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಶಹಾಬಾದ್ ಆ ಮಾರ್ಗದ ಮೇಲಿನ ನಿಲ್ದಾಣ. ಚಿತ್ತಾಪುರ, ಸೇಡಂಗಳನ್ನು ಮುಟ್ಟುವ ವಾಡಿ–ಸಿಕಂದರಾಬಾದ್ ಹಳಿ ತೆರೆದದ್ದು 1874ರಲ್ಲಿ. ಭಾರದ ಸರಕು ತನ್ನ ಖಣಿಯ ಹೆಸರಿಗಿಂತ ಹತ್ತಿದ ನಿಲ್ದಾಣದ ಹೆಸರನ್ನೇ ಹೊತ್ತು ಹೋಯಿತೆಂದು ಊಹಿಸಲು ಈ ಕ್ರಮ ಸಾಕು.

ಇಂದು ಅದೇ ಸುಣ್ಣಕಲ್ಲು ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಲ್ಲಿ ಪುಡಿಯಾಗಿ, ಸುಟ್ಟು ಸಿಮೆಂಟಾಗುತ್ತಿದೆ. ಹಾಸಬಹುದಾಗಿದ್ದ ಕಲ್ಲು ಮತ್ತೆ ಕುಟ್ಟಿದ ನೆಲದ ಕುಲಕ್ಕೆ ಸೇರುತ್ತಿದೆ. ಮನೆಗಳಿಗೆ ಹೊಳೆಯುವ ಟೈಲ್ಸ್ ಬರುತ್ತಿವೆ. ಸಿಮೆಂಟ್ ಬೇಡವೆನ್ನಲಾಗದು, ಅದರಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ. ಆದರೆ ಮರಾಠಿಯಲ್ಲಿ ಈಗಾಗಲೇ ಟೈಲ್ಸಿಗೂ ಫರ್ಶಿ ಎನ್ನುತ್ತಾರೆ. ಪದ ಕಲ್ಲನ್ನು ಬಿಟ್ಟು ಬದುಕಬಲ್ಲದು. ಬಿರುಕು ಹುಡುಕಿ ಹಾರೆ ಇಡುವ ಕೈಗಳ ಅರಿವು ಹಾಗೆ ಬದುಕಲಾರದು. ಈ ಸೀಮೆಯ ಚರಿತ್ರೆ ಬರೆಯುವವರು ಕೋಟೆ, ಶಾಸನಗಳ ಜೊತೆಗೆ ಆ ಅರಿವನ್ನೂ ಬರೆದಿಡಬೇಕು.