ವಂತಿಗೆಯೋ, ಪಾಲೋ: ಚಿತ್ರನಿರ್ಮಾಣದಲ್ಲಿ ಜನಸಾಮಾನ್ಯರ ಹಣ

ಶ್ಯಾಮ್ ಬೆನಗಲ್ ಅವರ ‘ಮಂಥನ್’ (1976) ಚಿತ್ರದ ನಿರ್ಮಾಪಕರು ಗುಜರಾತಿನ ಹಾಲು ಸಹಕಾರ ಸಂಘಗಳ 5 ಲಕ್ಷ ರೈತರು. ತಲಾ 2 ರೂಪಾಯಿಯಂತೆ ಕೂಡಿದ್ದು 10 ಲಕ್ಷ. ಗಿರೀಶ ಕಾರ್ನಾಡ, ಅನಂತನಾಗ್ ನಟಿಸಿದ ಈ ಚಿತ್ರದ ಕಥೆ, ಅಭಿನಯಗಳ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ. ಅದರ ಹಣದ ದಾರಿಯನ್ನು ಅಷ್ಟು ಆಸ್ಥೆಯಿಂದ ನೋಡಿಲ್ಲ.

ಹಾಲು ಸಂಘದ ಮುಂದೆ ನಸುಕಿನಲ್ಲೇ ಕ್ಯಾನು ಹಿಡಿದ ಸಾಲು. ಅಳತೆ, ಜಿಡ್ಡಿನ ಪರೀಕ್ಷೆ, ಪುಸ್ತಕದಲ್ಲಿ ಹೆಸರಿನ ಎದುರು ಆ ಹೊತ್ತಿನ ಲೆಕ್ಕ. ಮಂಡ್ಯ, ಕೋಲಾರದ ಡೈರಿಗಳಲ್ಲೂ ದಿನಬೆಳಗಾದರೆ ಕಾಣುವ ನೋಟವಿದು. ‘ಮಂಥನ್’ಗೆ ಹಣ ಕೂಡಿಸಲು ಹೊಸ ವ್ಯವಸ್ಥೆಯೇನೂ ಬೇಕಾಗಲಿಲ್ಲ, ಲೆಕ್ಕವೂ ನಂಬಿಕೆಯೂ ಮೊದಲೇ ಇದ್ದವು. ಚಿತ್ರ ತೆರೆಗೆ ಬಂದಾಗ ಅದೇ ರೈತರು ಲಾರಿ ಹತ್ತಿ ಪಟ್ಟಣಕ್ಕೆ ಬಂದರು. ಆದರೂ ಆ 2 ರೂಪಾಯಿಯನ್ನು ಹೂಡಿಕೆ ಎನ್ನುವುದಕ್ಕಿಂತ ವಂತಿಗೆ ಎನ್ನುವುದೇ ಸರಿ.

ಕನ್ನಡದ ‘ಲೂಸಿಯಾ’ (2013) ಬೇರೆ ಬಗೆಯದು. ನಿರ್ಮಾಪಕರು ಸಿಗದೆ ಬೇಸತ್ತ ಪವನ್ ಕುಮಾರ್ ತಮ್ಮ ಬ್ಲಾಗಿನಲ್ಲಿ ಓದುಗರನ್ನೇ ಕೇಳಿದರು. 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 51 ಲಕ್ಷ ರೂಪಾಯಿ ಸೇರಿತು. ಬೆಂಗಳೂರಿನ ಗಾಂಧಿನಗರದ ಫೈನಾನ್ಸಿಯರ್‌ಗಳ ಹಂಗಿಲ್ಲದೆ ತಯಾರಾದ ಚಿತ್ರ ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಆದರೆ ಇಲ್ಲಿ ಹಣ ಕೊಟ್ಟವರನ್ನು ಕೂಡಿಸಿದ್ದು ಸಂಘವಲ್ಲ, ಒಬ್ಬ ನಿರ್ದೇಶಕನ ಮೇಲಿನ ಭರವಸೆ.

ಹಣ ಎತ್ತುವುದಕ್ಕಿಂತ ಹಣ ಮರಳುವ ಸರದಿಯೇ ಕಠಿಣ ಪ್ರಶ್ನೆಯೆಂಬುದು ನನ್ನ ವಾದ. ಗಲ್ಲಾಪೆಟ್ಟಿಗೆಗೆ ಬಂದ ದುಡ್ಡಿನಲ್ಲಿ ಚಿತ್ರಮಂದಿರದ ಬಾಡಿಗೆ, ಹಂಚಿಕೆದಾರರ ಕಮಿಷನ್, ಪ್ರಚಾರದ ಖರ್ಚು, ಸಾಲದ ಬಡ್ಡಿ ಕಳೆದ ಮೇಲಷ್ಟೇ ಸಣ್ಣ ಪಾಲುದಾರನ ಸರದಿ. ಸ್ಯಾಟಲೈಟ್, ಡಬ್ಬಿಂಗ್, ಒಟಿಟಿ ಹಕ್ಕುಗಳಲ್ಲಿ ಅವನಿಗೇನಿದೆ? ‘ಲೂಸಿಯಾ’ 2015ರಲ್ಲಿ ತಮಿಳಿನಲ್ಲಿ ‘ಎನಕ್ಕುಳ್ ಒರುವನ್’ ಆಯಿತು. ಇಂಥ ರೀಮೇಕ್ ಹಕ್ಕಿನ ಮಾತು ಮೊದಲ ಕರಾರಿನಲ್ಲೇ ಇರಬೇಕು.

ಕಾನೂನೂ ಇಕ್ಕಟ್ಟಿನದು. 2013ರ ಕಂಪನಿ ಕಾಯ್ದೆಯಡಿ ಖಾಸಗಿಯಾಗಿ ಷೇರು ನೀಡಲು ವರ್ಷಕ್ಕೆ ಸಾಮಾನ್ಯವಾಗಿ 200 ಜನರ ಮಿತಿಯಿದೆ. ಹಲವರ ಹಣ ಕೂಡಿಸಿ, ಲಾಭದ ಆಸೆ ತೋರಿಸಿ, ದಿನನಿತ್ಯದ ಹಿಡಿತ ಅವರಿಗೆ ಕೊಡದ ಯೋಜನೆ ಷೇರುಪೇಟೆ ನಿಯಂತ್ರಕ ಸೆಬಿಯ ಕಾಯ್ದೆಯ 11ಎಎ ಕಲಮಿನಡಿ ಸಾಮೂಹಿಕ ಹೂಡಿಕೆ ಯೋಜನೆ ಎನಿಸಬಹುದು. ಆದರೆ ಸಹಕಾರ ಸಂಘಗಳ ಯೋಜನೆಗಳನ್ನು ಅದೇ ಕಲಮು ಹೊರಗಿಟ್ಟಿದೆ. ಪ್ರೇಕ್ಷಕರದೇ ಸಹಕಾರ ಸಂಘವೊಂದನ್ನು ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆಯಡಿ ಕಟ್ಟುವುದನ್ನು ನಮ್ಮ ಚಿತ್ರರಂಗ ಗಂಭೀರವಾಗಿ ಪರಿಶೀಲಿಸಬೇಕು. ಅಲ್ಲಿ ಲೆಕ್ಕಪರಿಶೋಧನೆ ಕಡ್ಡಾಯ. ವಾರ್ಷಿಕ ಮಹಾಸಭೆಯಲ್ಲಿ ಸಾವಿರ ರೂಪಾಯಿ ಹಾಕಿದವನಿಗೂ ಲಕ್ಷ ಹಾಕಿದವನಿಗೂ ಒಂದೊಂದೇ ಮತ.