ತೂಗುಹಾಸಿಗೆ ಮತ್ತು ನಾವಿಕ: ಬ್ರಿಟಿಷ್ ಯುದ್ಧನೌಕೆಗಳ ಒಳಬದುಕು

ಯುದ್ಧನೌಕೆಗಳ ಚರಿತ್ರೆಯಲ್ಲಿ ಕದನಗಳಿಗೂ ಸೇನಾನಿಗಳಿಗೂ ದೊರೆತ ಪ್ರಾಶಸ್ತ್ಯ ನಾವಿಕರು ಮಲಗುತ್ತಿದ್ದ ಜಾಗಕ್ಕೆ ದೊರೆತಿಲ್ಲ. ಆದರೆ ಸಾಮಾನ್ಯ ನಾವಿಕನ ಸ್ಥಾನಮಾನವನ್ನು ಅರಿಯಲು ಅವನ ಹಾಸಿಗೆಯೇ ನಂಬಲರ್ಹವಾದ ಆಕರ. ಹದಿನೆಂಟನೆಯ ಶತಮಾನದ ಬ್ರಿಟಿಷ್ ನೌಕಾಪಡೆಯ ಹ್ಯಾಮಕ್ ಎಂಬ ತೂಗುಹಾಸಿಗೆ ಇದಕ್ಕೆ ನಿದರ್ಶನ.

ಈ ಹಾಸಿಗೆ ಯುರೋಪಿನ ಸೃಷ್ಟಿಯಲ್ಲ. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳನ್ನು ತಲುಪಿದಾಗ ಅಲ್ಲಿನ ಮೂಲನಿವಾಸಿಗಳು ಹತ್ತಿನೂಲಿನ ಬಲೆಗಳನ್ನು ತೂಗುಹಾಕಿ ಮಲಗುತ್ತಿದ್ದರು. ವಸ್ತುವಿನೊಡನೆ ಅದರ ಹೆಸರೂ ಅವರ ಮಾತಿನಿಂದ ಸ್ಪ್ಯಾನಿಷ್ ಭಾಷೆಯ ಮೂಲಕ ಹರಡಿತು. 1597ರ ವೇಳೆಗೆ ಬ್ರಿಟಿಷ್ ನೌಕಾಪಡೆ ಅದನ್ನು ಸ್ವೀಕರಿಸಿತ್ತು. ಹಡಗು ಹೊಯ್ದಾಡಿದರೂ ಮಲಗಿದವನು ಕೆಳಗುರುಳದಿರುವುದು ಇದರ ಅನುಕೂಲವಾಗಿತ್ತು.

1765ರಲ್ಲಿ ನೀರಿಗಿಳಿದ ‘ವಿಕ್ಟರಿ’ ನೌಕೆಯಲ್ಲಿ 1805ರ ಟ್ರಫಾಲ್ಗರ್ ಕದನದ ವೇಳೆ ಸುಮಾರು 820 ಮಂದಿಯಿದ್ದರು. ಬಹುಪಾಲು ನಾವಿಕರು ಫಿರಂಗಿಗಳಿದ್ದ ಅಂತಸ್ತಿನಲ್ಲಿಯೇ ಉಂಡು ಮಲಗುತ್ತಿದ್ದರು. ನಿಯಮದಂತೆ ಒಬ್ಬನಿಗೆ ದಕ್ಕುತ್ತಿದ್ದ ಅಗಲ 14 ಅಂಗುಲ, ಅಂದರೆ ಒಂದು ಮೊಳಕ್ಕೂ ಕಡಿಮೆ. ಕಡಲಿನಲ್ಲಿ ಅರ್ಧದಷ್ಟು ಮಂದಿ ಪಾಳಿಯ ಮೇಲಿರುತ್ತಿದ್ದುದರಿಂದ ನೆರೆಯವನ ಜಾಗ ತೆರವಾಗಿರುತ್ತಿತ್ತು. ಬಂದರಿನಲ್ಲಿ ಆ ಸೌಕರ್ಯವೂ ಇರಲಿಲ್ಲ. ಅಲೆಗಳೆದ್ದಾಗ ಫಿರಂಗಿಯ ಕಿಂಡಿಗಳನ್ನು ಮುಚ್ಚುತ್ತಿದ್ದುದರಿಂದ ಒಳಗೆ ತೇವವೂ ಕೆಟ್ಟ ಗಾಳಿಯೂ ತುಂಬಿಕೊಳ್ಳುತ್ತಿದ್ದವು. ಅದೇ ನೌಕೆಯಲ್ಲಿ ದಂಡನಾಯಕ ನೆಲ್ಸನ್‌ನಿಗೆ ವಿಶಾಲ ಕೊಠಡಿಗಳಿದ್ದವು.

ಬೆಳಗಾಗುತ್ತಲೇ ಹಾಸಿಗೆಯನ್ನು ಬಿಗಿಯಾಗಿ ಸುತ್ತಿ ಮೇಲಂತಸ್ತಿನ ಅಂಚಿನ ಬಲೆಗಳಲ್ಲಿ ಒಪ್ಪವಾಗಿ ಜೋಡಿಸಬೇಕಿತ್ತು. ಕದನದಲ್ಲಿ ಅದು ಬಂದೂಕಿನ ಗುಂಡುಗಳನ್ನು ತಡೆಯುವ ಗೋಡೆಯಾಗುತ್ತಿತ್ತು. ನಾವಿಕ ಸತ್ತರೆ ಕಾಲಬಳಿ ಫಿರಂಗಿಗುಂಡುಗಳನ್ನಿಟ್ಟು, ಅದೇ ಬಟ್ಟೆಯಲ್ಲಿ ಹೊಲಿದು ಕಡಲಿಗಿಳಿಸುತ್ತಿದ್ದರು. ಕೊನೆಯ ಹೊಲಿಗೆಯನ್ನು ಮೂಗಿನ ಮೂಲಕ ಹಾಕಬೇಕೆಂಬ ವಾಡಿಕೆಯ ಮಾತು ನಾವಿಕರ ಪರಂಪರೆಯಲ್ಲಿ ಉಳಿದುಬಂದಿದೆ. ಜೀವವಿದ್ದರೆ ಆ ನೋವಿಗೆ ಎಚ್ಚರಗೊಳ್ಳುವನೆಂಬುದು ಅದರ ಹಿಂದಿನ ಆಶಯ.

1797ರಲ್ಲಿ ಸ್ಪಿಟ್‌ಹೆಡ್‌ನ ನಾವಿಕರು ದಂಗೆಯೆದ್ದಾಗ ಶತಮಾನಕ್ಕೂ ಹೆಚ್ಚು ಕಾಲ ಏರದಿದ್ದ ವೇತನ, ಪೌಂಡಿಗೆ ಪೂರ್ಣ 16 ಔನ್ಸಿನ ಪಡಿ, ರೋಗಿಗಳ ಆರೈಕೆ ಅವರ ಮುಖ್ಯ ಬೇಡಿಕೆಗಳಾಗಿದ್ದವು. ಅವುಗಳಲ್ಲಿ ಮಲಗುವ ಜಾಗದ ಪ್ರಸ್ತಾಪವಿಲ್ಲ. ಇದನ್ನು ತೃಪ್ತಿಯ ಕುರುಹೆಂದು ತಿಳಿಯುವುದು ತಪ್ಪಾಗುತ್ತದೆ. ಹಸಿದವನು ಮೊದಲು ಅನ್ನವನ್ನು ಕೇಳುತ್ತಾನೆ. ಮನವಿಗಳಲ್ಲಿ ನಾವಿಕ ಹೇಳದೆ ಬಿಟ್ಟ ಬವಣೆಯನ್ನು ಆ 14 ಅಂಗುಲದ ಬಟ್ಟೆ ಹೇಳುತ್ತದೆ. ಲಿಖಿತ ದಾಖಲೆಗಳ ಜೊತೆಗೆ ಬಳಕೆಯ ವಸ್ತುಗಳನ್ನೂ ಚರಿತ್ರೆಯ ಆಕರಗಳಾಗಿ ಪರಿಗಣಿಸಬೇಕಾದ ಅಗತ್ಯವನ್ನು ಇದು ಮನಗಾಣಿಸುತ್ತದೆ.