ಫಿಲಾಗ್ರಿನ್ ವಂಶವಾಹಿ ಮತ್ತು ಇಸುಬಿನ ಮೂಲದ ಪ್ರಶ್ನೆ

ಒಣಚರ್ಮದ ಮಗುವಿನ ಅಂಗೈ ಗೆರೆಗಳು ವಯಸ್ಸಿಗೆ ಮೀರಿ ದಟ್ಟವಾಗಿ, ಆಳವಾಗಿ ಕಂಡರೆ ಚರ್ಮವೈದ್ಯರ ಅನುಮಾನ ಫಿಲಾಗ್ರಿನ್ ವಂಶವಾಹಿಯತ್ತ ಹೊರಳುತ್ತದೆ. ಹಸ್ತಸಾಮುದ್ರಿಕರಿಗೆ ಸಿಗದ ಗೆರೆ ಇದು.

ಒಂದನೆಯ ವರ್ಣತಂತುವಿನಲ್ಲಿರುವ ಈ ವಂಶವಾಹಿಯಿಂದ ಮೊದಲು ಹುಟ್ಟುವುದು ಪ್ರೊಫಿಲಾಗ್ರಿನ್ ಎಂಬ ಭಾರೀ ಪ್ರೋಟೀನು. ಹೆಚ್ಚುಕಡಿಮೆ ಒಂದೇ ಅಚ್ಚಿನ 10ರಿಂದ 12 ಫಿಲಾಗ್ರಿನ್ ತುಣುಕುಗಳು ಅದರಲ್ಲಿ ಸರದಂತೆ ಪೋಣಿಸಿಕೊಂಡಿರುತ್ತವೆ. ಕೋಶವು ಚರ್ಮದ ಮೇಲ್ಪದರಕ್ಕೆ ಏರುವಾಗ ಸರ ಕಡಿದು, ಬಿಡಿಯಾದ ತುಣುಕುಗಳು ಕೆರಾಟಿನ್ ಎಳೆಗಳನ್ನು ಕಂತೆ ಕಟ್ಟುತ್ತವೆ, ಕೋಶ ಚಪ್ಪಟೆಯಾಗುತ್ತದೆ. ಆಮೇಲೆ ಫಿಲಾಗ್ರಿನ್ ತಾನೇ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಚರ್ಮದ ತೇವವನ್ನು ಹಿಡಿದಿಡುವುದರಲ್ಲಿ, ಮೇಲ್ಮೈಯ ಆಮ್ಲೀಯತೆಯನ್ನು ಕಾಯುವುದರಲ್ಲಿ ಇವುಗಳ ಪಾಲಿದೆ. ಸತ್ತ ಪದರವೆಂದು ನಾವು ಕಡೆಗಣಿಸುವ ಜಾಗದಲ್ಲಿ ಇಷ್ಟೆಲ್ಲ ನಡೆಯುತ್ತದೆ.

ತುಣುಕುಗಳು ಒಂದನ್ನೊಂದು ಹೋಲುವುದರಿಂದಲೇ ಇದರ ಡಿಎನ್‌ಎಯನ್ನು ಓದುವುದು ಬಹುಕಾಲ ತೊಡಕಾಗಿತ್ತು. 2006ರಲ್ಲಿ ಡಂಡೀ ವಿಶ್ವವಿದ್ಯಾಲಯದ ಅರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು ಆರ್501ಎಕ್ಸ್, 2282ಡೆಲ್4 ಎಂಬ ಎರಡು ರೂಪಾಂತರಗಳನ್ನು ಗುರುತಿಸಿದರು. ಚರ್ಮದಲ್ಲಿ ಹುರುಪೆ ಏಳುವ ಇಕ್ತಿಯೋಸಿಸ್ ವಲ್ಗ್ಯಾರಿಸ್‌ಗೆ ಇವು ಕಾರಣ. ಇಸುಬಿನೊಂದಿಗೂ, ಇಸುಬಿನ ಜೊತೆ ಬರುವ ಆಸ್ತಮಾದೊಂದಿಗೂ ಇವಕ್ಕೆ ನಂಟಿರುವುದು ಅದೇ ವರ್ಷ ತಿಳಿಯಿತು. ಯುರೋಪ್ ಮೂಲದವರಲ್ಲಿ ಸುಮಾರು ಶೇ. 9ರಷ್ಟು ಜನ ಇವುಗಳಲ್ಲಿ ಒಂದನ್ನಾದರೂ ಹೊತ್ತಿರುತ್ತಾರೆ.

ಇಸುಬನ್ನು ರೋಗನಿರೋಧಕ ವ್ಯವಸ್ಥೆಯ ಎಡವಟ್ಟೆಂದೇ ನೋಡುತ್ತಿದ್ದವರಿಗೆ, ಮೂಲ ಚರ್ಮದ ಗೋಡೆಯಲ್ಲೇ ಇರಬಹುದೆಂಬ ಈ ಸುಳಿವು ದೊಡ್ಡ ತಿರುವು. ಆದರೆ ಉತ್ಸಾಹ ಅಳತೆ ಮೀರಿತೆಂದು ನನ್ನ ಅನಿಸಿಕೆ. ಈ ರೂಪಾಂತರ ಹೊತ್ತ ಅನೇಕರಿಗೆ ಇಸುಬು ಬರುವುದೇ ಇಲ್ಲ; ಬಂದವರಲ್ಲಿ ಬಹಳ ಮಂದಿಯ ವಂಶವಾಹಿ ಸರಿಯಾಗಿಯೇ ಇರುತ್ತದೆ. ಅಂಥವರ ಚರ್ಮದಲ್ಲೂ ಉರಿಯೂತದ ಇಂಟರ್‌ಲ್ಯೂಕಿನ್-4 ಮತ್ತು 13 ಫಿಲಾಗ್ರಿನ್ ಉತ್ಪಾದನೆಯನ್ನು ತಗ್ಗಿಸುತ್ತವೆ. ಗೋಡೆ ಬಿರಿದು ಉರಿ ಹುಟ್ಟಬಹುದು, ಉರಿಯಿಂದ ಗೋಡೆಯೂ ಬಿರಿಯಬಹುದು. ಗೋಡೆಯನ್ನು ಕಾಯ್ದರೆ ಇಸುಬು ತಪ್ಪೀತೇ ಎಂದು ನೋಡಲು ಅಲರ್ಜಿಯ ಹಿನ್ನೆಲೆಯ ಕುಟುಂಬಗಳ ಸುಮಾರು 1,400 ಶಿಶುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಬೀಪ್ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು: ಮೊದಲ ವರ್ಷವಿಡೀ ದಿನವೂ ತೇವಕಾರಕ ಹಚ್ಚಿದರೂ ಎರಡು ವರ್ಷ ತುಂಬುವ ಹೊತ್ತಿಗೆ ಇಸುಬು ಕಡಿಮೆಯಾಗಿರಲಿಲ್ಲ.

ಜಪಾನ್, ಚೀನಾಗಳಲ್ಲಿ ಕಂಡುಬಂದ ರೂಪಾಂತರಗಳು ಯುರೋಪಿನವಲ್ಲ, ಬಹುಪಾಲು ಬೇರೆಯವೇ. ಹಾಗಾಗಿ ಯುರೋಪಿನ ಎರಡನ್ನಷ್ಟೇ ಹುಡುಕಿ ‘ದೋಷವಿಲ್ಲ’ ಎಂದು ಬರೆದುಕೊಡುವ ವರದಿಯನ್ನು ಭಾರತದ ರೋಗಿಯ ವಿಷಯದಲ್ಲಿ ನಂಬುವಂತಿಲ್ಲ. ವಂಶವಾಹಿಯ ಮೂರನೆಯ ಎಕ್ಸಾನನ್ನು (ಪ್ರೋಟೀನಿನ ಸಂಕೇತ ಹೊತ್ತ ತುಂಡನ್ನು) ಪೂರ್ತಿ ಓದಿಸಬೇಕು.